ಭಾನುವಾರ ನೆರಳು ಅಳೆಯುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಫೆಬ್ರವರಿ ಎರಡನೇ ಭಾನುವಾರ 12 ಗಂಟೆಯೊಳಗೆ ತಾರಸಿಗೆ ಬನ್ನಿ. ಆದರೆ 12ಕ್ಕೇ ಅಳೆದು ಇಳಿದುಬಿಡಬೇಡಿ. ಬೆಂಗಳೂರಿನಲ್ಲಿ ಅವತ್ತು ಕೋಲಿನ ನೆರಳು ತೀರಾ ಗಿಡ್ಡ ಆಗುವುದು ಸುಮಾರು 12:34ಕ್ಕೆ.

ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ನಾವು ಅದಕ್ಕಿಂತ ಸುಮಾರು 5 ಡಿಗ್ರಿ ಪಶ್ಚಿಮಕ್ಕಿದ್ದೇವೆ. ಡಿಗ್ರಿಗೆ 4 ನಿಮಿಷ, ಅಲ್ಲಿಗೆ 20 ನಿಮಿಷ ತಡ.

ಉಳಿದ 14 ನಿಮಿಷವೇ ನನಗೆ ಜಾಸ್ತಿ ಇಷ್ಟ. ಭೂಮಿ ಜನವರಿಯಲ್ಲಿ ಸೂರ್ಯನಿಗೆ ಹತ್ತಿರವಿದ್ದು ವೇಗವಾಗಿ ಸುತ್ತುತ್ತದೆ, ಜುಲೈನಲ್ಲಿ ನಿಧಾನ. ಜೊತೆಗೆ ಅದರ ಅಕ್ಷ ವಾಲಿದೆ. ಹಾಗಾಗಿ ಒಂದು ನಡುಮಧ್ಯಾಹ್ನದಿಂದ ಇನ್ನೊಂದಕ್ಕೆ ಸರಿಯಾಗಿ 24 ಗಂಟೆ ಇರುವುದಿಲ್ಲ, ಕೆಲವು ಸೆಕೆಂಡು ಹೆಚ್ಚು ಕಡಿಮೆ. ಗಡಿಯಾರ ವರ್ಷದ ಸರಾಸರಿ ಹಿಡಿದು ಓಡುತ್ತದೆ. ಆ ಸೆಕೆಂಡುಗಳೇ ಕೂಡುತ್ತಾ ಹೋಗಿ ಫೆಬ್ರವರಿಯಲ್ಲಿ ಸೂರ್ಯ 14 ನಿಮಿಷ ಹಿಂದೆ, ನವೆಂಬರ್ ಮೊದಲ ವಾರ 16 ನಿಮಿಷ ಮುಂದೆ. ನವೆಂಬರಿನಲ್ಲಿ ಇದೇ ಕೋಲಿನ ನೆರಳು 12:04ಕ್ಕೇ ಗಿಡ್ಡ ಆಗಿತ್ತು, ನೆನಪಿದೆ ಅಲ್ವಾ?

ಕೋಲು ನೆಟ್ಟಗೆ ನಿಲ್ಲಿಸಲು ಮೇಸ್ತ್ರಿಗಳ ತೂಗುಗುಂಡು ನಾನು ತರುತ್ತೇನೆ. 12:15ರಿಂದ 12:50ರ ತನಕ 5 ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕೋಣ. ಟೋಪಿ, ನೀರು ಮರೀಬೇಡಿ.