ಹುತ್ತರಿಗೆ ಸ್ವೆಟರ್ ಹೆಣೆಯಲು ಹೊರಟ ಗೆಳೆಯನಿಗೆ

ಗೆಳೆಯಾ,

ನಿನ್ನ ಮೆಸೇಜ್ ಓದಿ ಮೊದಲು ನಗು ಬಂತು, ಆಮೇಲೆ ಗಾಬರಿ. ಕೊಡಗಿನ ಸುಗ್ಗಿಹಬ್ಬ ಹುತ್ತರಿಗೆ ಊರಿಗೆ ಬರುವಾಗ ಎಲ್ಲರಿಗೂ ಕೈಯಾರೆ ಹೆಣೆದದ್ದನ್ನೇ ಕೊಡುತ್ತೀಯಂತೆ. ಅವ್ವನಿಗೆ ಸ್ವೆಟರ್, ಅಕ್ಕನ ಮಗುವಿಗೆ ಟೋಪಿ, ಮಿಲಿಟರಿ ಭಾವನಿಗೆ ಮಫ್ಲರ್, ಕಾಫಿ ತೋಟದ ಲೆಕ್ಕ ನೋಡುವ ರೈಟರಿಗೆ ಕಾಲುಚೀಲ, ಹಬ್ಬದ ಉಡುಪಿನ ಮೇಲೆ ಸೊಂಟಕ್ಕೆ ಸುತ್ತಿಕೊಳ್ಳಲು ನಿನಗೇ ಒಂದು ಚೇಲೆ. ಹೆಣಿಗೆಯ ಕಡ್ಡಿ ಹಿಡಿದು ಇನ್ನೂ ತಿಂಗಳಾಗಿಲ್ಲ ಮಾರಾಯ! ಹೇಗೆ ಅಂತ ಕೇಳಿದ್ದೀಯಲ್ಲ, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ. ಇಲ್ಲಿ ಮಾದಾಪುರದಲ್ಲಿ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೇ ದಿನದ ಮದ್ದುಸೊಪ್ಪಿನ ಪಾಯಸ ಮುಗಿಯಿತು, ಮಳೆ ಮುಗಿದಿಲ್ಲ. ಕರೆಂಟ್ ಬಂದರೆ ಬಂತು. ಹೆಣಿಗೆಗೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ. ಹುತ್ತರಿ ಹತ್ತಿರ ಬಂದಂತೆ ಅರೇಬಿಕಾ ಕಾಫಿ ಹಣ್ಣಾಗುತ್ತದೆ. ಆಗ ನಮ್ಮ ಮನೆಯಲ್ಲಿ ಯಾರ ಕೈಗೂ ಬಿಡುವಿರುವುದಿಲ್ಲ.

ಮೊದಲು ಆ ಚೇಲೆಯ ಆಸೆ ಬಿಡು. ಚೇಲೆ ನೇಯ್ದ ರೇಷ್ಮೆ. ನೇಯ್ದ ಬಟ್ಟೆಯಲ್ಲಿ ಉದ್ದ ನೂಲು, ಅಡ್ಡ ನೂಲು ಬಿಗಿಯಾಗಿ ಕೂತಿರುತ್ತವೆ. ಹೆಣೆದದ್ದರಲ್ಲಿ ಇರುವುದು ಬರೀ ಕುಣಿಕೆ, ಎಳೆದಷ್ಟೂ ಹಿಗ್ಗುತ್ತದೆ. ಹೆಣೆದ ಚೇಲೆ ಸುತ್ತಿ ನಮ್ಮ ಗಿಡ್ಡ ಪೀಚೆಕತ್ತಿ ಸಿಕ್ಕಿಸಿದರೆ ನಾಲ್ಕು ಹೆಜ್ಜೆ ಕುಣಿಯುವಷ್ಟರಲ್ಲಿ ಕತ್ತಿ ಮೊಣಕಾಲಿಗೆ ಬರುತ್ತದೆ. ಹಬ್ಬದ ಕುಣಿತ ನಡೆಯುವ ಬಯಲು ಮಂದ್‌ನಲ್ಲಿ ಎಲ್ಲರ ಎದುರಿಗೆ ಅದು ಬೇಕಾ?

ಈಗ ಅವ್ವನ ಸ್ವೆಟರ್. ಮಾಮೂಲಿ ದಪ್ಪದ ನೂಲಿನಲ್ಲಿ 10 ಸೆಂಟಿಮೀಟರ್ ಚೌಕಕ್ಕೆ ಸುಮಾರು 20 ಕುಣಿಕೆ, 28 ಸಾಲು ಬರುತ್ತವೆ ಅಂತಿಟ್ಟುಕೋ. ಒಂದು ಚೌಕಕ್ಕೇ 560 ಕುಣಿಕೆ. ಎದೆ ಸುತ್ತಳತೆ 100, ಉದ್ದ 65 ಅಂದರೆ ಮೈಗೇ 36,000 ದಾಟಿತು. ಎರಡು ತೋಳು ಸೇರಿಸಿದರೆ 50,000ದ ಆಚೆ. ಒಂದು ಟೋಪಿ 6,000ದೊಳಗೆ ಮುಗಿಯುತ್ತದೆ. ಹೆದರಿಸಲು ಹೇಳುತ್ತಿಲ್ಲ. ಅರ್ಧ ಹೆಣೆದ ಸ್ವೆಟರ್ ಕೊಡುವುದಕ್ಕಿಂತ ಪೂರ್ತಿ ಆದ ಟೋಪಿ ಕೊಡುವುದು ಮೇಲು, ಅಷ್ಟೇ.

ಆದರೂ ಅವ್ವನಿಗೆ ಸ್ವೆಟರೇ ಆಗಬೇಕು ಅಂತ ಹಟ ಇದ್ದರೆ, ತಲೆಯಿಂದ ಹಾಕಿಕೊಳ್ಳುವಂಥದ್ದು ಬೇಡ. ಅವರಿಗೆ ಭುಜ ನೋವು, ಕೈ ಮೇಲೆತ್ತಲು ಆಗುವುದಿಲ್ಲ ಅಂತ ನೀನೇ ಹೇಳಿದ್ದೆ. ಮುಂದೆ ತೆರೆದಿರಬೇಕು, ಗುಂಡಿ ದೊಡ್ಡದಿರಬೇಕು. ತೋಳಿಲ್ಲದಿದ್ದರೆ ಇನ್ನೂ ಒಳ್ಳೆಯದು. ನಮ್ಮ ಕಡೆ ಚಳಿ ಅಂದರೆ ಬೆಳಗ್ಗೆ ಮತ್ತು ಕತ್ತಲಾದ ಮೇಲೆ. ಹಗಲು ಬಿಸಿಲು ಚೆನ್ನಾಗಿಯೇ ಇರುತ್ತದೆ. ತೋಳಿಲ್ಲದ್ದಾದರೆ ಅಡುಗೆಮನೆಯಲ್ಲೂ ಅಡ್ಡಿಯಾಗುವುದಿಲ್ಲ, ನಿನಗೂ ಒಂದಿಷ್ಟು ಸಾವಿರ ಕುಣಿಕೆ ಉಳಿಯಿತು.

ನೂಲಿನ ವಿಷಯಕ್ಕೆ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಸಹಿಸಿಕೋ. ‘ಶುದ್ಧ ಉಣ್ಣೆಯೇ ಶ್ರೇಷ್ಠ’ ಅಂತ ವಿಡಿಯೋದವರು ಹೇಳುತ್ತಾರೆ. ಅವರ ಊರಿನಲ್ಲಿ ಇರಬಹುದು. ಉಣ್ಣೆ ತನ್ನ ತೂಕದ ಶೇಕಡಾ 30ರಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ಅದು ಅದರ ದೊಡ್ಡ ಗುಣ. ಆದರೆ ನಾಲ್ಕು ತಿಂಗಳು ಬಿಸಿಲು ಕಾಣದ ಮನೆಯ ಬೀರುವಿನಲ್ಲಿ ಆ ತೇವಕ್ಕೆ ಬೂಷ್ಟು ಬರುತ್ತದೆ. ಬಿಸಿನೀರಿನಲ್ಲಿ ತಿಕ್ಕಿದರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಸ್ವೆಟರ್ ಕುಗ್ಗಿ ದಪ್ಪ ಕಂಬಳಿಯಾಗುತ್ತದೆ. ಒಗೆದ ಮೇಲೆ ನೇತುಹಾಕಿದರೆ ನೀರಿನ ಭಾರಕ್ಕೆ ಜೋತುಬೀಳುತ್ತದೆ, ಹಾಗಾಗಿ ಚಪ್ಪಟೆಯಾಗಿ ಹರಡಿ ಒಣಗಿಸಬೇಕು. ಇಷ್ಟು ಉಪಚಾರ ಯಾರು ಮಾಡುತ್ತಾರೆ ಹೇಳು? ಅಕ್ರಿಲಿಕ್ ನೀರು ಕುಡಿಯುವುದೇ ಕಮ್ಮಿ, ಬೇಗ ಒಣಗುತ್ತದೆ, ನುಸಿ ಮುಟ್ಟುವುದಿಲ್ಲ, ಬೆಲೆಯೂ ಇಳಿಕೆ. ಆದರೆ ಅದು ಒಂಥರಾ ಪ್ಲಾಸ್ಟಿಕ್. ಬೆಂಕಿ ಕಿಡಿ ಬಿದ್ದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಉಣ್ಣೆಗೆ ಬೆಂಕಿ ಸುಲಭವಾಗಿ ಹತ್ತುವುದಿಲ್ಲ, ಹತ್ತಿದರೂ ಬೇಗ ಆರುತ್ತದೆ. ನಿಮ್ಮ ಅವ್ವ ಈಗಲೂ ಸೌದೆ ಒಲೆ ಮುಂದೆ ಕೂರುತ್ತಾರೆ ಅಲ್ವಾ? ಹಾಗಿದ್ದರೆ ಅವರಿಗೊಬ್ಬರಿಗೆ ಮಾತ್ರ ಉಣ್ಣೆ. ಉಳಿದವರಿಗೆಲ್ಲ ಅಕ್ರಿಲಿಕ್ ಸಾಕು. ಒಗೆಯುವುದು ಹೇಗೆ ಅಂತ ಒಂದು ಚೀಟಿ ಬರೆದು ಸ್ವೆಟರ್ ಜೊತೆ ಇಡು. ಒಗೆಯುವವರು ಅವ್ವ ಅಲ್ಲ, ಅತ್ತಿಗೆ.

ಮಗುವಿನ ಟೋಪಿಗೆ ಮೆತ್ತನೆಯ ಬೇಬಿ ನೂಲು ಸಿಗುತ್ತದೆ. ಕೆನ್ನೆಗೆ ಉಜ್ಜಿ ನೋಡಿ, ಆಮೇಲೆ ಕೊಳ್ಳು. ಗದ್ದದ ಕೆಳಗೆ ಕಟ್ಟುವ ದಾರ ಬೇಡ, ಉಲ್ಲನ್ ಉಂಡೆಯ ಅಲಂಕಾರವೂ ಬೇಡ. ಮಗು ಕಿತ್ತು ಬಾಯಿಗೆ ಹಾಕುತ್ತದೆ. ಪುಟ್ಟ ಕಾಲುಚೀಲ ಹೆಣೆದರೆ ಅದರ ಒಳಮಗ್ಗುಲು ಹೊರಗೆ ಬರುವಂತೆ ತಿರುಗಿಸಿ, ಉಳಿದ ನೂಲಿನ ತುದಿಯನ್ನೆಲ್ಲ ಕುಣಿಕೆಗಳೊಳಗೆ ಸೇರಿಸಿಬಿಡು. ಒಂದು ಎಳೆ ಬೆರಳಿಗೆ ಸುತ್ತಿಕೊಂಡರೂ ರಕ್ತ ಓಡಾಡುವುದು ನಿಲ್ಲುತ್ತದೆ, ಮಗು ಯಾಕೆ ಅಳುತ್ತಿದೆ ಅಂತ ಯಾರಿಗೂ ತಿಳಿಯುವುದಿಲ್ಲ. ನಮ್ಮಲ್ಲಿ ಅಗ್ಗಿಷ್ಟಿಕೆ ಮೇಲೆ ಬುಟ್ಟಿ ಕವುಚಿ ಮಗುವಿನ ಬಟ್ಟೆ ಒಣಗಿಸುತ್ತಾರಲ್ಲ, ಅಲ್ಲಿ ಅಕ್ರಿಲಿಕ್ ಹಾಕಬೇಡಿ ಅಂತಲೂ ಅಕ್ಕನಿಗೆ ಹೇಳು. ಬಿಸಿಗೆ ಅದರ ಆಕಾರ ಕೆಡುತ್ತದೆ.

ರೈಟರಿಗೆ ಕಾಲುಚೀಲ ಕೊಡುವುದು ಒಳ್ಳೆ ಮನಸ್ಸೇ. ಆದರೆ ತೋಟಕ್ಕೆ ಹಾಕಿಕೊಂಡು ಹೋಗಲಿ ಅಂತ ಕೊಡಬೇಡ. ಜಿಗಣೆಗೆ ಹೆಣಿಗೆಯ ಸಂದು ಅಂದರೆ ತೆರೆದ ಬಾಗಿಲು. ಅದಕ್ಕೇ ತಾನೆ ಜಿಗಣೆ ಕಾಲುಚೀಲವನ್ನು ದಟ್ಟವಾಗಿ ನೇಯ್ದ ಬಟ್ಟೆಯಲ್ಲಿ ಹೊಲಿಯುವುದು. ನಿನ್ನದು ಮಲಗುವಾಗ ಹಾಕಿಕೊಳ್ಳಲು ಅಂತ ಹೇಳಿಯೇ ಕೊಡು.

ಭಾವನ ಮಫ್ಲರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 1962ರಲ್ಲಿ ಚೀನಾ ಯುದ್ಧದ ಹೊತ್ತಿಗೆ ದೇಶದ ತುಂಬ ಹೆಂಗಸರು ಜವಾನರಿಗೆ ಸ್ವೆಟರ್ ಹೆಣೆದು ಕಳಿಸಿದ್ದರು. ಈಗ ಯೂನಿಫಾರ್ಮ್ ಮೇಲೆ ಮನೆಯ ಮಫ್ಲರ್ ಸುತ್ತಿಕೊಳ್ಳಲು ಆಗುವುದಿಲ್ಲ. ರಜೆಯಲ್ಲಿ ಬಂದಾಗ ಹಾಕಿಕೊಳ್ಳಲಿ. ನಿನಗಿಷ್ಟ ಅಂತ ಕೇಸರಿ ಬಣ್ಣ ಹಿಡಿಯಬೇಡ, ಅವರು ಯಾವ ಬಣ್ಣದ ಶರ್ಟ್ ಹಾಕುತ್ತಾರೆ ನೋಡು. ಎಲ್ಲ ಸಾಲನ್ನೂ ಬರೀ ಸೀದಾ ಹೆಣೆದರೆ ಸಾಕು. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಅಂತ ಹೋದರೆ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ.

ನಿನ್ನ ಟೋಪಿ ನೀರಿನ ಕೊಡದಷ್ಟು ದೊಡ್ಡದು ಬಂತು ಅಂತ ಫೋಟೋ ಕಳಿಸಿದ್ದೀಯಲ್ಲ, ಅದು ಕಡ್ಡಿಯ ನಂಬರಿನ ಆಟ. ನಮ್ಮ ಅಂಗಡಿಗಳಲ್ಲಿ ಸಿಗುವುದು ಹಳೇ ಇಂಗ್ಲೆಂಡ್ ಲೆಕ್ಕದ ಕಡ್ಡಿ. ನಂಬರ್ ಏರಿದಷ್ಟೂ ಕಡ್ಡಿ ಸಪೂರ. 8 ಅಂದರೆ 4 ಮಿಲಿಮೀಟರ್, 10 ಅಂದರೆ 3.25, 12 ಅಂದರೆ 2.75. ಅಮೆರಿಕದ ಲೆಕ್ಕ ಉಲ್ಟಾ, ಅಲ್ಲಿ 8 ಅಂದರೆ 5 ಮಿಲಿಮೀಟರ್. ನೀನು ನೆಟ್‌ನಲ್ಲಿ ತರಿಸಿದ ಕಡ್ಡಿ ಅಮೆರಿಕದ್ದು, ನೋಡಿದ ಪ್ಯಾಟರ್ನ್ ಇಂಗ್ಲೆಂಡಿನದು ಅನಿಸುತ್ತದೆ. ಇನ್ನು ಮೇಲೆ ನಂಬರ್ ಬಿಡು, ಮಿಲಿಮೀಟರ್ ನೋಡು. ಮೊದಲು ಅಂಗೈಯಗಲ ಹೆಣೆದು ಅಳೆ. ದೊಡ್ಡವರ ತಲೆ 56 ಸೆಂಟಿಮೀಟರ್ ಇದ್ದರೆ ಟೋಪಿ 52 ಸಾಕು, ಅದು ಹಿಗ್ಗಿ ಕೂರುತ್ತದೆ. ಸೆಂಟಿಮೀಟರಿಗೆ 2 ಕುಣಿಕೆ ಬರುತ್ತಿದ್ದರೆ 104 ಹಾಕು. ನಾಲ್ಕರಿಂದ ಭಾಗವಾಗುತ್ತದೆ, ಹಾಗಾಗಿ ಅಂಚಿಗೆ ಎರಡು ಸೀದಾ, ಎರಡು ಉಲ್ಟಾ ಸರಿಯಾಗಿ ಬರುತ್ತದೆ.

ಇನ್ನೊಂದು. ಒಬ್ಬರಿಗೆ ಹೆಣೆದು ಕೊಟ್ಟ ಸುದ್ದಿ ಊರಿಗೆಲ್ಲ ಹಬ್ಬುತ್ತದೆ. ‘ನೂಲು ನಾನೇ ತಂದುಕೊಡ್ತೀನಿ, ಸುಮ್ನೆ ಕೂತಿರ್ತೀಯಲ್ಲ, ನಂಗೂ ಒಂದು’ ಅಂತ ಬರುತ್ತಾರೆ. ನಾನಂತೂ ನಗುತ್ತಾ ಕಡ್ಡಿ ಕೈಗೆ ಕೊಟ್ಟು, ಬನ್ನಿ ಕೂತ್ಕೊಳ್ಳಿ, ಕಲಿಸ್ತೀನಿ ಅನ್ನುತ್ತೇನೆ. ಇದುವರೆಗೆ ಕಲಿಯಲು ಕೂತವಳು ಪಕ್ಕದ ಮನೆಯ ಹುಡುಗಿ ಒಬ್ಬಳೇ. ಅವಳು ಈಗ ನನಗಿಂತ ಬೇಗ ಹೆಣೆಯುತ್ತಾಳೆ.

ಮುಂದಿನ ವಾರ ಕುಶಾಲನಗರಕ್ಕೆ ಹೋಗುವುದಿದೆ. ಅವ್ವನ ಉಣ್ಣೆಯನ್ನು ಅಲ್ಲಿ ಹುಡುಕುತ್ತೇನೆ, ಸಿಗದಿದ್ದರೆ ನೀನೇ ಬೆಂಗಳೂರಿನಲ್ಲಿ ನೋಡು. ಯಾರೇ ಕೊಂಡರೂ ಪೂರ್ತಿ ನೂಲು ಒಂದೇ ಸಲ, ಒಟ್ಟಿಗೆ ಬಣ್ಣ ಹಾಕಿದ ಒಂದೇ ಲಾಟ್ ನಂಬರಿನದು ಆಗಬೇಕು. ಬೇರೆ ಲಾಟ್ ಆದರೆ ಅದೇ ಬಣ್ಣ ಅಂದರೂ ತೋಳು ಒಂದು ಥರ, ಬೆನ್ನು ಒಂದು ಥರ ಕಾಣುತ್ತದೆ. ಅವ್ವನ ಎದೆ ಅಳತೆ, ಮಗುವಿನ ತಲೆ ಅಳತೆ ಅಕ್ಕನಿಂದ ಕೇಳಿ ಭಾನುವಾರದೊಳಗೆ ಕಳಿಸು. ಬಣ್ಣ ಮಾತ್ರ ಅವ್ವನನ್ನೇ ಕೇಳು.

ಇಂತಿ,
ಮಾದಾಪುರದ ನಿನ್ನ ಗೆಳತಿ