ಅಪ್ಪಯ್ಯನ ದೋಟಿ, ನನ್ನ ಸೈಕಲ್ಲು

ಫ್ರೈಬುರ್ಗ್, ಜರ್ಮನಿ
ಭಾನುವಾರ ಸಂಜೆ

ತೀರ್ಥರೂಪ ಅಪ್ಪಯ್ಯನಿಗೆ, ಪ್ರೀತಿಯ ಅಮ್ಮನಿಗೆ,

ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ. ಇಲ್ಲಿ ಚಳಿ ಶುರುವಾಗಿದೆ. ಬೆಳಿಗ್ಗೆ ಏಳೂವರೆ ಆದರೂ ಪೂರ್ತಿ ಬೆಳಕು ಹರಿದಿರುವುದಿಲ್ಲ. ಅಲ್ಲಿ ಅಡಿಕೆ ಕೊನೆ ಕೊಯ್ಲು ಶುರುವಾಗಿರಬೇಕು. ಈ ಸಲ ಕೊಳೆರೋಗ ಜಾಸ್ತಿ ಬಂದಿಲ್ಲ ಅಂತ ಅಮ್ಮ ಹೇಳಿದ್ದು ಕೇಳಿ ಸಮಾಧಾನ ಆಯಿತು.

ಅಪ್ಪಯ್ಯ, ಮೊನ್ನೆ ಫೋನಿನಲ್ಲಿ ಗುಡ್ಡದ ದಾರಿಗೆ ತಗೊಂಡ ಹೊಸ ಕಾರ್ಬನ್ ಸೈಕಲ್ ವಿಷಯ ಹೇಳಿದಾಗ ನೀವು ಎರಡೇ ಪ್ರಶ್ನೆ ಕೇಳಿ ಸುಮ್ಮನಾದಿರಿ. "ಹಿಂದೆ ಸ್ಪ್ರಿಂಗೂ ಇಲ್ಲ, ಮೋಟರೂ ಇಲ್ಲ, ಅದಕ್ಕೆ ಅಷ್ಟು ದುಡ್ಡಾ?" ಅಂದಿರಿ. ಆಮೇಲೆ, "ಕಾರ್ಬನ್ ಅಂದರೆ ಪ್ಲಾಸ್ಟಿಕ್ ತಾನೆ, ಗುಡ್ಡ ಇಳಿಯುವಾಗ ಮುರಿದರೆ?" ಅಂದಿರಿ. ಫೋನಿನಲ್ಲಿ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. ಎರಡೂ ಸರಿಯಾದ ಪ್ರಶ್ನೆಗಳೇ. ಸೈಕಲ್ ತಗೊಳ್ಳುವ ಮೊದಲು ನಾನೂ ನಾಲ್ಕು ತಿಂಗಳು ಇವನ್ನೇ ಕೇಳಿಕೊಂಡಿದ್ದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಎರಡನೆಯದಕ್ಕೆ ಮೊದಲು ಬರುತ್ತೇನೆ. ಅಟ್ಟದ ಪಕ್ಕದಲ್ಲಿ ಒರಗಿಸಿಟ್ಟ, ಅಡಿಕೆ ಕೊನೆ ಕೊಯ್ಯುವ ಉದ್ದನೆಯ ಕಪ್ಪು ದೋಟಿ ಇದೆಯಲ್ಲ, ನನ್ನ ಸೈಕಲ್ಲೂ ಅದರದ್ದೇ. ಅದೇ ಕಾರ್ಬನ್ ಫೈಬರ್. ಅಲ್ಯೂಮಿನಿಯಂ ದೋಟಿ ಇದ್ದಾಗ ಹತ್ತು ಮರ ಮುಗಿಸುವಷ್ಟರಲ್ಲಿ ನಿಮ್ಮ ತೋಳು ಸೋಲುತ್ತಿತ್ತು. ಕಾರ್ಬನ್ ದೋಟಿ ಬಂದ ದಿನ ಅದನ್ನು ಒಂದೇ ಕೈಯಲ್ಲಿ ಎತ್ತಿ, "ಇದರೊಳಗೆ ಏನೂ ಇಲ್ವೇನೋ" ಅಂತ ತಿರುಗಿಸಿ ನೋಡಿದ್ದಿರಿ. ಗಾಳಿಗೆ ತೂಗುತ್ತದೆ, ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಅಂಗಡಿಯಲ್ಲಿ ಈ ಫ್ರೇಮನ್ನು ಕೈಗೆ ಕೊಟ್ಟಾಗ ನನಗೆ ಮೊದಲು ನೆನಪಾಗಿದ್ದು ನಿಮ್ಮ ಆ ಮುಖ.

ಕಾರ್ಬನ್ ನೂಲು ನಮ್ಮ ಕೂದಲಿನ ಹತ್ತನೇ ಒಂದು ಭಾಗದಷ್ಟು ಸಣ್ಣ. ಅಂಥ ಸಾವಿರಾರು ನೂಲನ್ನು ಅಂಟಿನಲ್ಲಿ ನೆನೆಸಿ ತೆಳ್ಳಗಿನ ಹಾಳೆ ಮಾಡುತ್ತಾರೆ. ಹಾಳೆಗಳನ್ನು ಅಚ್ಚಿನಲ್ಲಿ ಒಂದರ ಮೇಲೊಂದು ಇಟ್ಟು, ಬಿಸಿ ಕೊಟ್ಟು ಗಟ್ಟಿ ಮಾಡುತ್ತಾರೆ. ಬಲ ಇರುವುದು ನೂಲು ಹೋದ ದಿಕ್ಕಿಗೆ. ದೋಟಿಗೆ ಉದ್ದಕ್ಕೆ ಬಲ ಸಾಕು. ಸೈಕಲ್ಲಿಗೆ ಸಾಲದು. ಪೆಡಲ್ ತುಳಿದಾಗ ಫ್ರೇಮು ತಿರುಚಿಕೊಳ್ಳಬಾರದು, ಕಲ್ಲಿನ ಮೇಲೆ ಹೋದಾಗ ಸೀಟಿನ ಕೆಳಗೆ ಮಾತ್ರ ಸ್ವಲ್ಪ ಬಾಗಬೇಕು. ಅದಕ್ಕೆ ಒಂದು ಹಾಳೆ ನೇರ, ಇನ್ನೊಂದು ಓರೆ, ಮತ್ತೊಂದು ಅಡ್ಡ, ಹೀಗೆ ಜಾಗಕ್ಕೆ ತಕ್ಕಂತೆ ಇಡುತ್ತಾರೆ. ನಾನು ತಗೊಂಡದ್ದು ಕ್ಯೂಬ್ ಅನ್ನುವ ಜರ್ಮನ್ ಕಂಪನಿಯ ರಿಯಾಕ್ಷನ್ ಸಿ:62. ಆ 62 ಅಂದರೆ ನೂರರಲ್ಲಿ 62 ಪಾಲು ನೂಲು, ಉಳಿದದ್ದು ಅಂಟು.

ಮುರಿಯುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ದೋಟಿಯನ್ನು ನೆಲದ ಮೇಲೆ ಹಾಕಿ ಮೆಟ್ಟಿದರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಹಾಗೇ ಇದೂ. ಪೆಡಲ್ ತುಳಿತಕ್ಕೆ, ಭಾರಕ್ಕೆ, ಕುಲುಕಾಟಕ್ಕೆ ಜಗ್ಗುವುದಿಲ್ಲ. ಪಕ್ಕದಿಂದ ಹಿಸುಕಿದರೆ, ಚೂಪು ಕಲ್ಲು ಬಡಿದರೆ ಒಳಗೇ ಸೀಳು ಬಿಡುತ್ತದೆ.

ನಿಮಗೆ ಇದುವರೆಗೂ ಹೇಳದ ಒಂದು ವಿಷಯ ಇಲ್ಲಿ ಹೇಳಬೇಕು. ಇದು ನನ್ನ ಮೊದಲ ಕಾರ್ಬನ್ ಸೈಕಲ್ ಅಲ್ಲ. ಎರಡು ವರ್ಷದ ಹಿಂದೆ 700 ಯೂರೋ ಕೊಟ್ಟು ಒಂದು ಹಳೆಯದನ್ನು ತಗೊಂಡಿದ್ದೆ. ತುಂಬ ಹಗುರ, ಹೊಳಪು ಹೋಗಿರಲಿಲ್ಲ, ಬೆಲೆಯೂ ಕಮ್ಮಿ. ಅದರ ಅಳತೆ ಎಲ್. ನನಗೆ ಬೇಕಾದದ್ದು ಎಂ. "ಸೀಟು ಇಳಿಸಿಕೊಂಡರೆ ಸರಿಹೋಗುತ್ತದೆ" ಅಂತ ಮಾರಿದವರು ಅಂದರು, ನಂಬಿದೆ. ಹ್ಯಾಂಡಲ್ ಹಿಡಿಯಲು ದಿನಾ ಮುಂದಕ್ಕೆ ಬಗ್ಗಿ ಬಗ್ಗಿ ಒಂದೇ ತಿಂಗಳಲ್ಲಿ ಸೊಂಟ ಹಿಡಿಯಿತು. ಆಮೇಲೆ ಸೀಟಿನ ಕೆಳಗೆ ಟಕ್ ಟಕ್ ಅಂತ ಸದ್ದು ಶುರುವಾಯಿತು.

ಮೆಕ್ಯಾನಿಕ್ ಹತ್ತಿರ ಒಯ್ದೆ. ವಯಸ್ಸಾದವರು, ಮಾತು ಕಮ್ಮಿ. ಸೀಟಿನ ಕಂಬ ಹೊರಗೆಳೆದು, ಆ ಜಾಗವನ್ನು ಬಟ್ಟೆಯಿಂದ ಒರೆಸಿ, ಜೇಬಿನಿಂದ ಒಂದು ನಾಣ್ಯ ತೆಗೆದರು. ಕೊಳವೆಯ ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಕುಟ್ಟುತ್ತಾ ಬಂದರು. ಟಿಣ್, ಟಿಣ್, ಟಿಣ್ ಅಂತ ಬರುತ್ತಿದ್ದ ಸದ್ದು ಬೋಲ್ಟಿನ ಹತ್ತಿರ ಬಂದಾಗ ಡಬ್ ಅಂತ ಸತ್ತುಹೋಯಿತು. ಅಮ್ಮಾ, ನೀನು ಸಂತೆಯಲ್ಲಿ ಮಡಕೆ ತಗೊಳ್ಳುವಾಗ ಬೆರಳು ಮಡಚಿ ಕುಟ್ಟಿ ನೋಡುತ್ತೀಯಲ್ಲ, ಅದೇ. ಆಮೇಲೆ ಟಾರ್ಚ್ ಹಿಡಿದು ತೋರಿಸಿದರು. ಕೂದಲೆಳೆಯಂಥ ಗೀರು. ಯಾರೋ ಬೋಲ್ಟನ್ನು ಮೈಬಲವೆಲ್ಲ ಹಾಕಿ ಬಿಗಿದಿದ್ದರು. ಇಲ್ಲಿ ಕಾರ್ಬನ್ ರಿಪೇರಿ ಮಾಡುವವರಿದ್ದಾರೆ. ಆದರೆ ಅಳತೆಯೇ ಸರಿಯಿಲ್ಲದ ಫ್ರೇಮಿಗೆ ಮತ್ತೆ ದುಡ್ಡು ಸುರಿಯುವುದು ಬೇಡ ಅಂತ ಬಿಟ್ಟುಬಿಟ್ಟೆ. ದುಡ್ಡು ಹೋದದ್ದಕ್ಕಿಂತ ನಿಮಗೆ ಹೇಳದೆ ಇಟ್ಟುಕೊಂಡದ್ದೇ ಜಾಸ್ತಿ ಕೊರೆಯುತ್ತಿತ್ತು.

ಈ ಸಲ ಅದೇ ಮೆಕ್ಯಾನಿಕ್ಕೇ ಹೊಸದನ್ನು ಜೋಡಿಸಿಕೊಟ್ಟರು. ಪಕ್ಕದಲ್ಲಿ ನಿಂತು ಎಲ್ಲ ನೋಡಿದೆ. ಕಾರ್ಬನ್ ಕಂಬಕ್ಕೆ ಗ್ರೀಸ್ ಹಚ್ಚಬಾರದು, ಜಾರುತ್ತದೆ. ಜಾರಿತು ಅಂತ ಜನ ಇನ್ನೂ ಬಿಗಿಯುತ್ತಾರೆ, ಸೀಳು ಬಿಡುವುದು ಆಗಲೇ. ಅದಕ್ಕೆ ಬೇರೆ ಪೇಸ್ಟ್ ಇದೆ, ಬೆರಳಲ್ಲಿ ಉಜ್ಜಿದರೆ ಸಣ್ಣ ರವೆಯ ಹಾಗೆ ತರಿತರಿ. ಆ ತರಿಯೇ ಕಂಬವನ್ನು ಹಿಡಿದುಕೊಳ್ಳುತ್ತದೆ. ಬಿಗಿಯಲು ಟಾರ್ಕ್ ಸ್ಪ್ಯಾನರ್. ಬೋಲ್ಟಿನ ಪಕ್ಕದಲ್ಲೇ 5 ಎನ್‌ಎಂ ಅಂತ ಬರೆದಿತ್ತು, ಅಂದರೆ ನ್ಯೂಟನ್ ಮೀಟರ್, ಬಿಗಿಯುವ ಬಲದ ಅಳತೆ. ಅಷ್ಟಕ್ಕೆ ಹೊಂದಿಸಿ ತಿರುಗಿಸಿದರು, ಟಿಕ್ ಅಂದಿತು, ಅಲ್ಲಿಗೇ ನಿಲ್ಲಿಸಿದರು. ನಾನೂ ಒಂದು ಟಾರ್ಕ್ ಸ್ಪ್ಯಾನರ್ ತಗೊಂಡೆ. ಅದಿಲ್ಲದೆ ಯಾವ ಬೋಲ್ಟನ್ನೂ ಮುಟ್ಟುವುದಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ. ಹಿಂದೆ ಸ್ಪ್ರಿಂಗ್ ಯಾಕಿಲ್ಲ?

ನನ್ನದು ಹಾರ್ಡ್‌ಟೇಲ್ ಅನ್ನುವ ಬಗೆಯ ಮೌಂಟನ್ ಬೈಕ್. ಮುಂದಿನ ಚಕ್ರ ಹಿಡಿಯುವ ಫೋರ್ಕಿನಲ್ಲಿ ಮಾತ್ರ 100 ಮಿಲಿಮೀಟರ್ ಕುಗ್ಗುವ ಸಸ್ಪೆನ್ಷನ್ ಇದೆ, ಹಿಂದೆ ಏನೂ ಇಲ್ಲ. ಎರಡೂ ಕಡೆ ಇರುವುದು ಫುಲ್ ಸಸ್ಪೆನ್ಷನ್. ಮೌಂಟನ್ ಬೈಕಿನ ದೊಡ್ಡ ರೇಸುಗಳಲ್ಲಿ ಈಗ ಫುಲ್ ಸಸ್ಪೆನ್ಷನ್ನೇ ಜಾಸ್ತಿ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಗಂಡಸರ ಮೌಂಟನ್ ಬೈಕ್ ರೇಸಿನ ಚಿನ್ನ ಗೆದ್ದ ಸೈಕಲ್ಲೂ ಅಂಥದ್ದೇ. ಬೇರು, ಬಂಡೆ ಇರುವ ಇಳಿಜಾರಿನಲ್ಲಿ ಅದು ಮೇಲು, ಅನುಮಾನ ಬೇಡ. ಅಂಗಡಿಯವರೂ ಅದನ್ನೇ ತಗೊಳ್ಳಿ ಅಂದರು.

ಆದರೆ ನಾನು ದಿನಾ ಓಡಿಸುವ ದಾರಿ ಯಾವುದು? ಇಲ್ಲಿನ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಒಂದು ಅರಣ್ಯ ಕಾನೂನು ಇದೆ. 2 ಮೀಟರಿಗಿಂತ ಕಿರಿದಾದ ಕಾಡಿನ ಕಾಲುದಾರಿಯಲ್ಲಿ ಸೈಕಲ್ ಓಡಿಸುವಂತಿಲ್ಲ. ಸೈಕಲ್ಲಿಗೆ ಅಂತಲೇ ಅನುಮತಿ ಕೊಟ್ಟ ಹಾದಿಗಳು ಬೇರೆ, ರಾಸ್‌ಕೋಫ್ ಗುಡ್ಡದಲ್ಲಿ ಬಾರ್ಡರ್‌ಲೈನ್ ಅನ್ನುವುದು ಅಂಥದ್ದು. ಉಳಿದಂತೆ ನನ್ನ ಪಾಲಿಗೆ ಇರುವುದು ಮರದ ಲಾರಿ ಓಡಾಡುವ ಅಗಲ ಜಲ್ಲಿ ರಸ್ತೆ. ನಮ್ಮ ಎಸ್ಟೇಟ್ ರಸ್ತೆಗಳ ಹಾಗೇ, ಅಷ್ಟು ಗುಂಡಿ ಇಲ್ಲ ಅಷ್ಟೇ. ವಾರಕ್ಕೆ ಐದು ದಿನ ಅಂಥ ದಾರಿ, ಒಂದು ದಿನ ಬೇರು ಬಂಡೆ. ಆ ಒಂದು ದಿನಕ್ಕಾಗಿ ಐದು ದಿನ ಭಾರ ಹೊರುವುದು ಯಾಕೆ ಅನ್ನಿಸಿತು.

ಭಾರದ ಲೆಕ್ಕವನ್ನೂ ನಿಮ್ಮ ಹಾಗೆ ಕಾಗದದಲ್ಲಿ ಬರೆದೇ ಹಾಕಿದೆ. ನಾನು 58 ಕೆಜಿ. ಬ್ಯಾಗು, ನೀರು, ಬಟ್ಟೆ 5. ಪೆಡಲ್ ಸೇರಿ ಸೈಕಲ್ 11. ಒಟ್ಟು 74. ಫುಲ್ ಸಸ್ಪೆನ್ಷನ್ ಆದರೆ ಇನ್ನೊಂದು 2 ಕೆಜಿ. ನೂರಕ್ಕೆ ಮೂರೂ ಅಲ್ಲ. ರಾಸ್‌ಕೋಫ್ ತುದಿ 737 ಮೀಟರ್, ಊರಿನಿಂದ ಸುಮಾರು 450 ಮೀಟರ್ ಹತ್ತಬೇಕು. ನನಗೆ 45 ನಿಮಿಷ ಬೇಕು. 2 ಕೆಜಿ ಉಳಿಸಿದರೆ ಉಳಿಯುವುದು ಸುಮಾರು ಒಂದೂಕಾಲು ನಿಮಿಷ. ಲೆಕ್ಕ ಮುಗಿಸಿ ಪೆನ್ನು ಕೆಳಗಿಟ್ಟೆ. ಇಷ್ಟಕ್ಕಾಗಿ ಯಾರೂ ಸಾವಿರಗಟ್ಟಲೆ ಕೊಡಬಾರದು. 100 ಗ್ರಾಂ ಕಮ್ಮಿ ಇರುವ ಫ್ರೇಮಿಗೆ ಇನ್ನೂ 1,000 ಯೂರೋ ಕೊಡುವವರಿದ್ದಾರೆ. ಆ ಆಸೆಯನ್ನು ಅವತ್ತೇ ಬಿಟ್ಟೆ.

ಮತ್ತೆ ಹಗುರದ್ದು ಯಾಕೆ ಬೇಕಿತ್ತು ಅಂದರೆ, ನನ್ನ ಮನೆ ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ದಿನಾ ಹೆಗಲ ಮೇಲೆ ಹೊತ್ತು ಹತ್ತಿಸಬೇಕು. ಕೆಸರಿನ ತಿಂಗಳುಗಳಲ್ಲಿ ಫುಲ್ ಸಸ್ಪೆನ್ಷನ್ನಿನ ಬೇರಿಂಗು, ಶಾಕ್ ಅಬ್ಸಾರ್ಬರ್ ಎಲ್ಲ ಬಿಚ್ಚಿ ಸರ್ವಿಸ್ ಮಾಡಿಸಬೇಕು, ಅದೊಂದು ಖರ್ಚು. ಇದಕ್ಕೆ ಒಂದು ಬಕೆಟ್ ನೀರು, ಬ್ರಷ್ಷು, ಚೈನಿಗೆ ಎಣ್ಣೆ, ಮುಗಿಯಿತು. ಇನ್ನೊಂದು ಕಾರಣ ಓಡಿಸಿಯೇ ತಿಳಿಯಬೇಕು. ಕಡಿದಾದ ಏರಿನಲ್ಲಿ ಎದ್ದು ನಿಂತು ತುಳಿದರೆ ಇದು ಒಂದಿಷ್ಟೂ ಕುಗ್ಗುವುದಿಲ್ಲ. ತುಳಿದದ್ದೆಲ್ಲ ಚಕ್ರಕ್ಕೇ ಹೋಗುತ್ತದೆ. ಆ ಸುಖಕ್ಕೆ ಬೆಲೆ ಕಟ್ಟಲು ನನಗೆ ಬರುವುದಿಲ್ಲ.

ಸ್ಪ್ರಿಂಗ್ ಇಲ್ಲದಿದ್ದರೂ ಟೈರಿನ ಗಾಳಿ ಇದೆ. ನೀವು ನಿಮ್ಮ ಹೀರೋ ಸೈಕಲ್ಲಿಗೆ ಟೈರು ಕಲ್ಲಾಗುವವರೆಗೆ ಪಂಪು ಹೊಡೆಯುತ್ತಿದ್ದಿರಿ. ಇದರ ಟೈರು 2.25 ಇಂಚು ದಪ್ಪ, ನಾನು ತುಂಬುವುದು 1.5 ಬಾರ್ ಮಾತ್ರ, ಅಂದರೆ 22 ಪಿಎಸ್‌ಐ. ಹೆಬ್ಬೆರಳಲ್ಲಿ ಒತ್ತಿದರೆ ತಗ್ಗುತ್ತದೆ. ಒಳಗೆ ಟ್ಯೂಬೇ ಇಲ್ಲ. ಬದಲಿಗೆ ರಬ್ಬರ್ ಹಾಲಿನಿಂದ ಮಾಡಿದ ಒಂದು ದ್ರವ. ಮುಳ್ಳು ಚುಚ್ಚಿದರೆ ಅದೇ ಓಡಿಬಂದು ತೂತು ಮುಚ್ಚುತ್ತದೆ. ಬಾಟಲಿ ತೆರೆದಾಗ ಪಕ್ಕದ ತೋಟದ ರಬ್ಬರ್ ಶೆಡ್ಡಿನ ವಾಸನೆಯೇ ಬಂತು, ಒಂದು ಕ್ಷಣ ಮನೆಯಲ್ಲೇ ಇದ್ದ ಹಾಗಾಯಿತು.

ಗೇರು ಮುಂದೆ ಒಂದೇ ಚಕ್ರ, 32 ಹಲ್ಲು. ಹಿಂದೆ ಹನ್ನೆರಡು, ದೊಡ್ಡದಕ್ಕೆ 51 ಹಲ್ಲು, ಊಟದ ತಟ್ಟೆಯಷ್ಟು ಕಾಣುತ್ತದೆ. ಅದಕ್ಕೆ ಹಾಕಿದರೆ ಪೆಡಲ್ ಒಂದು ಸುತ್ತು ಬಂದಾಗ ಸೈಕಲ್ ಹೋಗುವುದು 1.4 ಮೀಟರ್. ನಿಮ್ಮ ಹೀರೋ ಒಂದು ಸುತ್ತಿಗೆ ಸುಮಾರು 5 ಮೀಟರ್ ಹೋಗುತ್ತಿತ್ತು. ಅದರಲ್ಲೇ ಹಿಂದೆ ಅಕ್ಕಿ ಮೂಟೆ ಕಟ್ಟಿಕೊಂಡು ನಮ್ಮ ದರೆಯ ಏರು ಹತ್ತುತ್ತಿದ್ದಿರಲ್ಲ ಅಪ್ಪಯ್ಯ. ಈ ಲೆಕ್ಕ ಹಾಕಿದ ಮೇಲೆ ನಿಮ್ಮ ಕಾಲಿನ ಬಲ ಎಷ್ಟಿತ್ತು ಅಂತ ನನಗೆ ಗೊತ್ತಾಯಿತು.

ದುಡ್ಡಿನ ವಿಷಯ ಚಿಂತೆ ಬೇಡ. ಸಾಲ ಮಾಡಿಲ್ಲ. ಇಲ್ಲಿ ಕಂಪನಿಯ ಮೂಲಕ ಸೈಕಲ್ ಲೀಸಿಗೆ ತಗೊಳ್ಳುವ ಪದ್ಧತಿ ಇದೆ. ಅದನ್ನು ದೊಡ್ಡದಾಗಿ ಬೆಳೆಸಿದ ಜಾಬ್‌ರಾಡ್ ಕಂಪನಿ ಶುರುವಾದದ್ದೂ ಇದೇ ಊರಿನಲ್ಲಿ, 2008ರಲ್ಲಿ. 36 ತಿಂಗಳು ಸಂಬಳದಿಂದಲೇ, ತೆರಿಗೆ ಹಾಕುವ ಮೊದಲೇ, ಸ್ವಲ್ಪ ಸ್ವಲ್ಪ ಹಿಡಿದುಕೊಳ್ಳುತ್ತಾರೆ. ಟ್ರಾಮ್ ಪಾಸ್ ನಿಲ್ಲಿಸಿದ್ದೇನೆ.

ಅಮ್ಮಾ, ನೀನು ಕೇಳುವುದು ಗೊತ್ತು. ಹೆಲ್ಮೆಟ್ ಇಲ್ಲದೆ ಮೆಟ್ಟಿಲೂ ಇಳಿಯುವುದಿಲ್ಲ. ಬ್ರೇಕು ಎರಡೂ ಹೈಡ್ರಾಲಿಕ್ ಡಿಸ್ಕು, ಒಂದೇ ಬೆರಳು ಸಾಕು. ಹೋದ ಭಾನುವಾರ ಡ್ರೈಸಾಮ್ ಹೊಳೆ ದಂಡೆಯಲ್ಲೇ ಕಿರ್ಖ್‌ಸಾರ್ಟನ್‌ಗೆ ಹೋಗಿಬಂದೆ. 1995ರಲ್ಲಿ ಮೌಂಟನ್ ಬೈಕಿನ ವಿಶ್ವ ಚಾಂಪಿಯನ್‌ಶಿಪ್ ನಡೆದ ಊರು ಅದು. ಹುಲ್ಲುಗಾವಲು, ದನದ ಗಂಟೆ, ಹಿಂದೆ ಕಪ್ಪು ಕಾಡು. ಬುತ್ತಿಗೆ ನೀನು ಕಳಿಸಿದ ಚಟ್ನಿಪುಡಿ ಹಚ್ಚಿದ ಬ್ರೆಡ್ಡು.

ಇನ್ನು ತಮ್ಮನ ವಿಷಯ. ಅವನೂ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರ್ಬನ್ ಹಾರ್ಡ್‌ಟೇಲ್ ನೋಡಿಟ್ಟಿದ್ದಾನಂತೆ, 9 ಕೆಜಿ ಚಿಲ್ಲರೆಯಂತೆ, ಆಸೆಯಿಂದ ಫೋಟೋ ಕಳಿಸಿದ. ಪುಟ್ಟಾ, ಅಡ್ವಾನ್ಸ್ ಕೊಡಬೇಡ. ತೂಕ ಆಮೇಲೆ ಕೇಳು, ಮೊದಲು ಅಳತೆ ಕೇಳು. ಸೀಟಿನ ಕಂಬ ಹೊರಗೆ ತೆಗೆಸಿ ನೋಡು, ಅವರು ತೆಗೆಯಲು ಒಪ್ಪದಿದ್ದರೆ ಎದ್ದು ಬಾ. ಪೆಡಲಿನ ಹತ್ತಿರ, ಹ್ಯಾಂಡಲ್ ಕುತ್ತಿಗೆಯ ಹತ್ತಿರ, ಚೈನಿನ ಪಕ್ಕದ ಕೊಳವೆಯ ಒಳಬದಿ, ಮೂರೂ ಕಡೆ ನಾಣ್ಯದಿಂದ ಕುಟ್ಟು. ಮೇಲೆ ಸ್ಟಿಕ್ಕರ್ ಅಂಟಿಸಿದ್ದರೆ ಅದರ ಕೆಳಗೇನಿದೆ ಅಂತ ಕೇಳು.

ಅಪ್ಪಯ್ಯ, ಶನಿವಾರ ಅವನು ಮನೆಗೆ ಬಂದಾಗ ನೀವೊಂದು ಕೆಲಸ ಮಾಡಬೇಕು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ. ಒಂದು ದಪ್ಪ ಪುಸ್ತಕವನ್ನು ಎರಡು ಕಾಲಿನ ನಡುವೆ, ಸೀಟಿನ ಮೇಲೆ ಕೂತ ಹಾಗೆ, ಮೇಲಕ್ಕೆ ಒತ್ತಿ ಹಿಡಿಯಲಿ. ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಟೇಪು ಹಿಡಿದು ಸೆಂಟಿಮೀಟರಿನಲ್ಲಿ ಬರೆದುಕೊಳ್ಳಿ. ಎರಡು ಸಲ ಅಳೆಯಿರಿ, ಅವನು ಹಿಮ್ಮಡಿ ಎತ್ತಿಬಿಡುತ್ತಾನೆ. ಜೊತೆಗೆ ಅವನ ಎತ್ತರವನ್ನೂ ಬರೆದು ಕಳಿಸಿ. ಫ್ರೇಮ್ ಯಾವ ಅಳತೆಯದು ಬೇಕು ಅಂತ ನಾನು ನೋಡಿ ಹೇಳುತ್ತೇನೆ.

ಹಾಗೇ ದೋಟಿಯ ತುಂಡುಗಳು ಒಂದಕ್ಕೊಂದು ಸೇರುವ ಕಡೆ ಒಮ್ಮೆ ನಾಣ್ಯ ಹಾಕಿ ಕುಟ್ಟಿ ನೋಡಿ, ಎಲ್ಲ ಕಡೆ ಒಂದೇ ಸದ್ದು ಬರಬೇಕು. ಕರೆಂಟ್ ತಂತಿ ಹೋಗುವ ಸಾಲಿನಲ್ಲಿ ಮಾತ್ರ ಅದನ್ನು ಎತ್ತಲೇಬೇಡಿ. ಕಾರ್ಬನ್ನಿನಲ್ಲಿ ಕರೆಂಟ್ ಹರಿಯುತ್ತದೆ. ಕೊನೆ ತೆಗೆಯುವವರಿಗೂ ಹೇಳಿ.

ನಿಮ್ಮ ಪ್ರೀತಿಯ ಮಗಳು,
ಪುಟ್ಟಿ