ದೊಡ್ಡ ಮೀನಿನ ಬೆನ್ನು ಹತ್ತಿದ ಮಗಳಿಗೆ

ಪ್ರೀತಿಯ ಮಗಳೇ,

ನೀನು ಜಿ.ಟಿ., ಅಂದರೆ ಜೈಂಟ್ ಟ್ರೆವಲಿ ಎಂಬ ದೊಡ್ಡ ಸಮುದ್ರ ಮೀನು ಹಿಡಿಯಲು ಅಂಡಮಾನಿಗೆ ಹೊರಟ ಸುದ್ದಿ ಓಣಿಗೆಲ್ಲ ಗೊತ್ತಾಗಿದೆ. ಹುಬ್ಬಳ್ಳಿಯವರಿಗೆ ಸಮುದ್ರದ ಹುಚ್ಚು ಯಾಕೆ ಎಂದು ನಿನ್ನ ಕಾಕಾ ಕೇಳುತ್ತಿದ್ದಾನೆ. ಅರಬೈಲ್ ಘಟ್ಟ ಇಳಿದು ಕಾರವಾರದ ಬಂಡೆಗಳ ಮೇಲೆ ಗಾಳ ಎಸೆದವರಿಗೆ ಮಾತ್ರ ಅದು ಗೊತ್ತು, ಅಲ್ವಾ? ನನಗಂತೂ ಬಹಳ ಖುಷಿಯಾಗಿದೆ.

ಒಂದು ಮಾತು ಮಾತ್ರ ಹೇಳಲೇಬೇಕು. ತೆಳು ದಾರದಲ್ಲಿ ಹಿಡಿದರೇ ಮಜಾ ಎಂದು ನಿನ್ನ ಗೆಳೆಯರು ಹೇಳುತ್ತಾರಂತೆ. ಆ ಮಾತು ಕೇಳಬೇಡ.

ಈ ಆಟಕ್ಕೆ ನಿಯಮ ಮಾಡುವ ಐ.ಜಿ.ಎಫ್.ಎ. ಎಂಬ ಅಂತರರಾಷ್ಟ್ರೀಯ ಸಂಸ್ಥೆ 1939ರಲ್ಲಿ ಹುಟ್ಟಿತು. ಮೀನು ಗಾಳಕ್ಕೆ ಬಿದ್ದ ಮೇಲೆ, ಲೀಡರ್ (ಕೊಕ್ಕೆಗೆ ಕಟ್ಟುವ ಕೊನೆಯ ದಪ್ಪ ದಾರ) ಕೈಗೆ ಸಿಗುವ ತನಕ, ನಿನ್ನ ರಾಡು, ರೀಲು, ದಾರವನ್ನು ಬೇರೆ ಯಾರೂ ಮುಟ್ಟಬಾರದು. ಮುಟ್ಟಿದರೆ ದಾಖಲೆ ಲೆಕ್ಕಕ್ಕಿಲ್ಲ. ಇದು ನನಗೆ ತುಂಬಾ ಹಿಡಿಸಿದ ನಿಯಮ. ಆದರೆ ದಾರದ ಬಲಕ್ಕೆ ತಕ್ಕಂತೆ ಅವರು ಬೇರೆ ಬೇರೆ ದಾಖಲೆ ಇಟ್ಟಿದ್ದಾರೆ. ಹಾಗಾಗಿ ಹೆಸರಿನ ಆಸೆಗೆ ತೆಳು ದಾರ ಹಾಕಿ ಗಂಟೆಗಟ್ಟಲೆ ಎಳೆದಾಡುವವರೂ ಇದ್ದಾರೆ. ಇದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲವ್ವಾ. ಎಳೆದಾಟ ಉದ್ದವಾದಷ್ಟೂ ಮೀನಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಜಾಸ್ತಿಯಾಗುತ್ತದೆ. ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಟ್ಟಾಗ ಈಜಿಕೊಂಡು ಹೋದಂತೆ ಕಾಣುತ್ತದೆ. ಆಮೇಲೆ ಕೆಳಗೆ ಹೋಗಿ ಸಾಯಬಹುದು, ಇಲ್ಲವೇ ದಣಿದ ಮೀನು ಶಾರ್ಕ್ ಬಾಯಿಗೆ ಬೀಳುತ್ತದೆ.

ಜಿ.ಟಿ.ಗಂತೂ ಗಟ್ಟಿ ದಾರವೇ ಬೇಕು. ನೀರಿನ ಮೇಲೆ ಪಾಪರ್ (ಮೀನಿನಂತೆ ಕಾಣುವ ತೇಲುವ ಹುಸಿ ಆಮಿಷ) ಕಚ್ಚಿದ ಕೂಡಲೇ ಅದು ಹವಳದ ಬಂಡೆಗಳ ಕಡೆ ನುಗ್ಗುತ್ತದೆ. ಬ್ರೇಡ್ ಎಂಬ ಹೆಣೆದ ದಾರ ಹವಳಕ್ಕೆ ತಾಗಿದರೆ ಮುಗಿಯಿತು. ಬಾಯಲ್ಲಿ ಪಾಪರ್ ಸಿಕ್ಕಿಸಿಕೊಂಡೇ ಮೀನು ಹೋಗಿಬಿಡುತ್ತದೆ. ಜಪಾನಿನಲ್ಲಿ 2006ರಲ್ಲಿ 72.8 ಕಿಲೋದ ಜಿ.ಟಿ. ಸಿಕ್ಕಿತ್ತು. ಅದರಲ್ಲಿ ಅರ್ಧ ತೂಕದ್ದು ಎಳೆದರೂ ನಿನ್ನ ಸೊಂಟಕ್ಕೆ ಗೊತ್ತಾಗುತ್ತದೆ. ಸುಮಾರು 45 ಕಿಲೋ ತಾಳುವ ಬ್ರೇಡ್ ಹಾಕು. ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಬಿಡುವ ರೀಲಿನ ಬಿಗಿ, ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗದ ಒಳಗಿರಲಿ. ಸುಮ್ನೆ ಕೈಯಲ್ಲಿ ಎಳೆದು ಅಂದಾಜು ಮಾಡಬೇಡ, ಸ್ಪ್ರಿಂಗ್ ತಕ್ಕಡಿ ಕಟ್ಟಿ ನೋಡು. ಬ್ರೇಡಿಗೆ ಲೀಡರ್ ಸೇರಿಸುವ ಎಫ್.ಜಿ. ಗಂಟು ಹಾಕುವಾಗ ಅವಸರ ಬೇಡ. ಮೂರು ಮೊನೆಯ ಕೊಕ್ಕೆ ತೆಗೆದು ಒಂಟಿ ಕೊಕ್ಕೆ ಹಾಕು. ಅದರ ಮುಳ್ಳನ್ನು ಇಕ್ಕಳದಿಂದ ಒತ್ತಿಬಿಡು. ದಾರ ಸಡಿಲ ಬಿಡದಿದ್ದರೆ ಮೀನು ತಪ್ಪುವುದಿಲ್ಲ, ಬಿಡಿಸುವಾಗ ಬಾಯಿಯೂ ಹರಿಯುವುದಿಲ್ಲ.

ದೋಣಿಯ ಪಕ್ಕಕ್ಕೆ ಬಂದ ಮೇಲೆ ಮೀನನ್ನು ಆದಷ್ಟು ನೀರಿನಲ್ಲೇ ಇರಿಸು. ನೀರಿನಲ್ಲಿ ಅದರ ಭಾರವನ್ನು ನೀರೇ ಹೊರುತ್ತದೆ. ದವಡೆ ಹಿಡಿದು ನೇರ ತೂಗಿದರೆ ಒಳಗಿನ ಅಂಗಗಳಿಗೆ ಪೆಟ್ಟು. ಫೋಟೋ ಬೇಕೇ ಬೇಕು ಅಂದರೆ ಕೈ ಒದ್ದೆ ಮಾಡಿಕೊಂಡು ಹೊಟ್ಟೆಯ ಕೆಳಗೆ ಆನಿಸಿ ಹಿಡಿ, ಒಂದು ಕ್ಲಿಕ್ ಸಾಕು. ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಹೋಗುತ್ತದೆ, ಅದೇ ಅದಕ್ಕೆ ರಕ್ಷಣೆ.

ಮುಂದೆ ಎಂದಾದರೂ ಈಟಿಯಂಥ ಮೂತಿಯ ಮಾರ್ಲಿನ್ ಮೀನಿನ ಬೆನ್ನು ಹತ್ತುವ ಆಸೆ ನಿನಗಿದೆ, ನನಗೆ ಗೊತ್ತು. 1953ರಲ್ಲಿ ಪೆರು ದೇಶದ ಕಾಬೊ ಬ್ಲಾಂಕೊದಲ್ಲಿ ಆಲ್ಫ್ರೆಡ್ ಗ್ಲಾಸೆಲ್ 1,560 ಪೌಂಡಿನ ಕಪ್ಪು ಮಾರ್ಲಿನ್ ಹಿಡಿದರು. ಅಂದರೆ 700 ಕಿಲೋಗಿಂತ ಜಾಸ್ತಿ. ಗಂಡು ಮಾರ್ಲಿನ್ ಅದರ ಹತ್ತಿರಕ್ಕೂ ಬೆಳೆಯುವುದಿಲ್ಲ. ದೈತ್ಯ ಮಾರ್ಲಿನ್‌ಗಳೆಲ್ಲ ಹೆಣ್ಣು, ಲಕ್ಷಗಟ್ಟಲೆ ಮೊಟ್ಟೆ ಇಡುವ ತಾಯಂದಿರು. ಹಾಗಾಗಿಯೇ ಬಿಡುವ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯುವುದು. ಮಾರ್ಲಿನ್, ಟ್ಯೂನಾ ಮುಂದೆ ಈಜುತ್ತಿದ್ದರೇ ಉಸಿರಾಡುತ್ತವೆ. ದೋಣಿ ನಿಧಾನಕ್ಕೆ ಮುಂದೆ ಸಾಗಲಿ, ಕಿವಿರಿಗೆ ನೀರು ಹರಿಯಲಿ. ಮೀನು ತಾನಾಗಿ ಬಾಲ ಬೀಸುವವರೆಗೆ ಹಿಡಿದಿರು.

ಊಟಕ್ಕೆ ಹಿಡಿಯುವ ಮೀನುಗಾರರ ಲೆಕ್ಕ ಬೇರೆ. ಅದು ಅವರ ಹೊಟ್ಟೆಪಾಡು, ಅದನ್ನು ನಾವು ಆಡಿಕೊಳ್ಳಬಾರದು. ನಾವು ಹೋಗುವುದು ಆಸೆಗೆ.

ಖಾಲಿ ಹೊಟ್ಟೆಯಲ್ಲಿ ದೋಣಿ ಹತ್ತಬೇಡ. ಅವ್ವ ಖಡಕ್ ರೊಟ್ಟಿ ಕಟ್ಟಿಟ್ಟಿದ್ದಾಳೆ, ವಾಂತಿ ಬರುವ ಹಾಗಾದರೆ ಒಂದು ತುಂಡು ಬಾಯಿಗೆ ಹಾಕಿಕೋ. ಸಂಜೆ ರೀಲನ್ನು ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು ಒರೆಸಿಡು. ಡ್ರ್ಯಾಗ್ ಸಡಿಲ ಮಾಡಿಡುವುದನ್ನು ಮರೆಯಬೇಡ. ಮೀನು ಎಷ್ಟು ಹೊತ್ತಿಗೆ ದೋಣಿ ಪಕ್ಕಕ್ಕೆ ಬಂತು, ಬಿಟ್ಟಾಗ ಹೇಗೆ ಹೋಯಿತು, ಎರಡನ್ನೂ ಫೋನ್ ಮಾಡಿ ಹೇಳು.

ನಿನ್ನ ಅಪ್ಪ